ನಿಂಬೆ ಎಲೆಯ ಮೇಲಿನ ರಂಗೋಲಿ ಓದುವುದು ಹೇಗೆ?

ಕುಂಡದ ನಿಂಬೆಗಿಡ ಚಿಗುರಿತು ಎಂಬ ಖುಷಿ ಹೆಚ್ಚು ದಿನ ಉಳಿಯುವುದಿಲ್ಲ. ಎಳೆ ಎಲೆಗಳು ಮುದುಡುತ್ತವೆ, ಮೇಲೆಲ್ಲ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ. ಇದು ರಂಗೋಲಿ ಹುಳುವಿನ ಕೆಲಸ. ವಿಜ್ಞಾನಿಗಳು ಕರೆಯುವುದು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ ಎಂದು. ಹೊರಗಿನಿಂದ ಬಂದ ಪೀಡೆಯಲ್ಲ, ಏಷ್ಯಾದ್ದೇ ಹುಳು. ಅಮೆರಿಕದ ಫ್ಲಾರಿಡಾದಲ್ಲಿ ಇದು ಕಂಡದ್ದು 1993ರಲ್ಲಷ್ಟೇ.

ಔಷಧಿ ಸಿಂಪಡಿಸುವ ಮೊದಲು ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಗೆರೆ ಎಲ್ಲಿ ತೀರಾ ಸಣ್ಣದಾಗಿದೆಯೋ ಅಲ್ಲೇ ಮೊಟ್ಟೆ ಇತ್ತು. ತಾಯಿ ಪತಂಗ ಕತ್ತಲಲ್ಲಿ ಬಂದು ಎಳೆ ಎಲೆಗೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಬಲಿತ ಎಲೆ ಅದಕ್ಕೆ ಬೇಡ. ಮರಿ ನೇರವಾಗಿ ಎಲೆಯ ಸಿಪ್ಪೆಯೊಳಗೆ ಇಳಿದು ರಸ ಹೀರುತ್ತಾ ಸಾಗುತ್ತದೆ. ಹುಳು ಬೆಳೆದಂತೆ ಗೆರೆಯೂ ಅಗಲವಾಗುತ್ತದೆ. ನಡುವೆ ಕಪ್ಪು ದಾರದಂತೆ ಕಾಣುವುದು ಅದರ ಹಿಕ್ಕೆ. ರಂಗೋಲಿ ಅಂದರೆ ಇದೇ ನೋಡಿ!

ಈಗ ಗೆರೆಯ ಅಗಲವಾದ ತುದಿಗೆ ಬನ್ನಿ. ಭೂತಗನ್ನಡಿ ಇದ್ದರೆ ತಿಳಿಹಳದಿ ಹುಳು ಕಾಣುತ್ತದೆ. ಕಾಣದಿದ್ದರೆ ಎಲೆಯ ಅಂಚು ನೋಡಿ. ಅಂಚು ಮಡಚಿಕೊಂಡಿದ್ದರೆ ಹುಳು ತಿನ್ನುವುದನ್ನು ನಿಲ್ಲಿಸಿ, ರೇಷ್ಮೆ ನೂಲಿನಿಂದ ಎಲೆಯನ್ನು ಎಳೆದು, ಒಳಗೆ ಕೋಶವಾಗಿ ಕೂತಿದೆ ಎಂದರ್ಥ.

ಅಂಥ ಎಲೆಯಿರುವ ಪುಟ್ಟ ರೆಂಬೆ ಕತ್ತರಿಸಿ, ಬುಡಕ್ಕೆ ಒದ್ದೆ ಹತ್ತಿ ಸುತ್ತಿ ಗಾಜಿನ ಬಾಟಲಿಗೆ ಹಾಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಹೊರಬರುವ ಪತಂಗ ಬಿಚ್ಚಿದ ರೆಕ್ಕೆ ಸೇರಿ ಸುಮಾರು 4 ಮಿಲಿಮೀಟರ್ ಅಷ್ಟೇ. ಬೆಳ್ಳಿ ಮೈ, ಮುಂದಿನ ರೆಕ್ಕೆಗಳ ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕೆ. ಮೊಟ್ಟೆಯಿಂದ ಇಲ್ಲಿಯವರೆಗೆ ಸೆಕೆಯಲ್ಲಿ ಎರಡು ವಾರ ಸಾಕು, ಚಳಿಯಲ್ಲಿ ಏಳು ವಾರವೂ ಆದೀತು.

ಹಾಗಾದರೆ ಗಿಡಕ್ಕೇನು ಮಾಡುವುದು? ಗೆರೆ ಪೂರ್ತಿಯಾದ ಎಲೆಗೆ ಸಿಂಪಡಿಸಿದರೆ ದುಡ್ಡು ದಂಡ. ಬೇವಿನೆಣ್ಣೆಯನ್ನು ಚಿಗುರು ಒಡೆಯುವಾಗಲೇ ಬಳಸಬೇಕು. ಯೂರಿಯಾ ಜಾಸ್ತಿ ಹಾಕಬೇಡಿ, ಸುಮ್ನೆ ಪದೇ ಪದೇ ಕತ್ತರಿಸಲೂ ಬೇಡಿ. ಎರಡರಿಂದಲೂ ಬರುವುದು ಹೊಸ ಚಿಗುರು, ಅಂದರೆ ಹುಳುವಿಗೆ ಹೊಸ ಊಟ. ದೊಡ್ಡ ಗಿಡ ಈ ಕಾಟವನ್ನು ತಡೆದುಕೊಳ್ಳುತ್ತದೆ, ಎಳೆ ಸಸಿ ಸೊರಗುತ್ತದೆ. ಕಜ್ಜಿ ರೋಗವಿರುವ ತೋಟದಲ್ಲಿ ಮಾತ್ರ ಇನ್ನಷ್ಟು ಎಚ್ಚರ ಬೇಕು. ಗೆರೆಯ ಗಾಯದಲ್ಲೇ ಆ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ.

ಬಾಟಲಿಯಲ್ಲಿ ಪತಂಗದ ಬದಲು ಸಾಸಿವೆಗಿಂತ ಚಿಕ್ಕ ಕಣಜ ಕಂಡರೆ ಗಾಬರಿ ಬೇಡ. ಅದು ರಂಗೋಲಿ ಹುಳುವನ್ನೇ ತಿಂದು ಬೆಳೆದದ್ದು. ಬಟ್ಟೆ ಬಿಚ್ಚಿ, ನಿಂಬೆಗಿಡದ ಬುಡದಲ್ಲೇ ಬಿಟ್ಟುಬಿಡಿ.