ನಾಲ್ಕು ಹೋಟೆಲು, ಒಂದು ಬೆಳಗ್ಗೆ, ಕಾರಿಲ್ಲ

ಬ್ರಾಹ್ಮಿನ್ಸ್ ಕಾಫಿ ಬಾರ್, ವಿದ್ಯಾರ್ಥಿ ಭವನ, ಎಂಟಿಆರ್, ಸಿಟಿಆರ್. ಬೆಂಗಳೂರಿನ ನಾಲ್ಕು ತಿಂಡಿ ಹೋಟೆಲು. ಊರಿಂದ ಬಂದಿರುವ ಅಮ್ಮನನ್ನು ಕರೆದುಕೊಂಡು ನಾಲ್ಕನ್ನೂ ಒಂದೇ ಬೆಳಗ್ಗೆ ಮುಗಿಸುತ್ತೇನೆ, ಅದೂ ಕಾರಿಲ್ಲದೆ ಅಂದಾಗ ಭಾವ ನಕ್ಕಿದ್ದರು. "ಎರಡನೇದಕ್ಕೇ ವಾಪಸ್ ಬರ್ತೀಯ ನೋಡು" ಅಂದರು. ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಅಷ್ಟೊತ್ತಿಗೆ ನಾನು ಮೂರು ಸಲ ಸೋತಿದ್ದೆ.

ಮೊದಲ ಸಲ ಹೋಗಿದ್ದು ಭಾನುವಾರ. ಬ್ರಾಹ್ಮಿನ್ಸ್ ರಜೆ. ಎರಡನೇ ಸಲ ಆಫೀಸಿಗೆ ರಜೆ ಹಾಕಿ ಸೋಮವಾರ ಹೊರಟೆ, ಎಂಟಿಆರ್ ಬಾಗಿಲು ಹಾಕಿತ್ತು. ಇನ್ನೊಂದು ರಜೆ ಶುಕ್ರವಾರ ಹಾಕಿದೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಅಂತ ಬೆಂಗಳೂರಿನ ಮಕ್ಕಳಿಗೂ ಗೊತ್ತು, ನನಗೆ ಮಾತ್ರ ಮರೆತುಹೋಗಿತ್ತು. ಮೂರು ಹೋಟೆಲಿಗೂ ರಜೆ ಇಲ್ಲದ ದಿನ ಲೆಕ್ಕ ಹಾಕಿದರೆ ಉಳಿಯೋದು ಮಂಗಳ, ಬುಧ, ಗುರು, ಶನಿ. ಶನಿವಾರ ಜನ ಜಾಸ್ತಿ. ನಾನು ಬುಧವಾರ ಹಿಡಿದೆ.

ಎರಡನೇ ತಪ್ಪು ದಿಕ್ಕಿನದು. ನಮ್ಮ ಮನೆ ಜಾಲಹಳ್ಳಿ ಕಡೆ. ದಾರಿಯಲ್ಲೇ ಮಲ್ಲೇಶ್ವರ ಸಿಗುತ್ತಲ್ವಾ ಅಂತ ಮೊದಲು ಸಿಟಿಆರ್‌ಗೆ ಹೋಗುತ್ತಿದ್ದೆ. ಅಲ್ಲಿನ ಬೆಣ್ಣೆ ಮಸಾಲೆ ದೋಸೆ ತಿಂದ ಮೇಲೆ ಮುಂದಿನದಕ್ಕೆ ಹೊಟ್ಟೆ ಎಲ್ಲಿ? ಅದನ್ನು ಕೊನೆಗಿಡಬೇಕು. ಮೊದಲು ದಕ್ಷಿಣಕ್ಕೆ ಹೋಗಿ, ತಿನ್ನುತ್ತಾ ಮನೆ ಕಡೆ ಬರಬೇಕು.

ಆರು ಗಂಟೆಗೆ ಹಸಿರು ಮಾರ್ಗದ ಮೆಟ್ರೋ ರೈಲು ಹತ್ತಿದೆವು. ನಾನು, ಹೆಂಡತಿ, ಅಮ್ಮ. ನ್ಯಾಷನಲ್ ಕಾಲೇಜು ಸ್ಟೇಷನ್ನಿಗೆ ಅರ್ಧ ಗಂಟೆ. ಅಲ್ಲಿಂದ ಶಂಕರಪುರಕ್ಕೆ ನಡಿಗೆ. ಬ್ರಾಹ್ಮಿನ್ಸ್‌ನಲ್ಲಿ ಫುಟ್‌ಪಾತಿನ ಮೇಲೆ ನಿಂತೇ ತಿನ್ನೋದು. ಇಲ್ಲಿ ಸಾಂಬಾರ್ ಕೊಡಲ್ಲ, ಕೇಳಿ ನಗೆಪಾಟಲಾಗಬೇಡಿ. ಚಟ್ನಿ ಹಾಕುವವರ ಮುಂದೆ ಅಮ್ಮ ಮೂರು ಸಲ ತಟ್ಟೆ ಹಿಡಿದರು. ಮೂವರಿಗೆ ಎರಡು ಪ್ಲೇಟ್ ಇಡ್ಲಿ-ವಡೆ, ಅಷ್ಟೇ. ಕಾಫಿ ಬೈಟು. ಈ ಜಿಪುಣತನ ಇಲ್ಲದಿದ್ದರೆ ಯೋಜನೆ ಇಲ್ಲೇ ಮುಗಿಯುತ್ತೆ.

ಗಾಂಧಿ ಬಜಾರಿಗೆ ಹದಿನೈದು ನಿಮಿಷ ನಡೆದೆವು. ಅಮ್ಮ ಗದ್ದೆ ಬದುವಿನ ಮೇಲೆ ನಡೆದು ಬೆಳೆದವರು, ನನಗಿಂತ ಮುಂದಿದ್ದರು. ವಿದ್ಯಾರ್ಥಿ ಭವನದಲ್ಲಿ ಎಂಟು ಗಂಟೆಯೊಳಗೆ ಕೂತರೆ ಗೆದ್ದಂತೆ. ಸರ್ವರ್ ಅಂಗೈಯಿಂದ ಭುಜದ ತನಕ ದೋಸೆ ತಟ್ಟೆ ಜೋಡಿಸಿಕೊಂಡು ಬಂದರು. ಅಮ್ಮ ದೋಸೆ ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದರು. "ಒಂದು ಬಿದ್ರೆ ಏನಪ್ಪಾ ಗತಿ" ಅಂತ ಪಿಸುಗುಟ್ಟಿದರು. 1943ರಿಂದ ನಡೆಯುತ್ತಿದೆಯಮ್ಮ, ಬೀಳಲ್ಲ ಅಂದೆ. ಕಾಯುವಾಗ ಯಾವ ಟೇಬಲ್ ಬೇಗ ಖಾಲಿಯಾಗುತ್ತೆ ಅಂತ ಕಂಡುಹಿಡಿಯೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ.

ಇಡೀ ಯೋಜನೆ ನಿಂತಿರುವುದು ಲಾಲ್‌ಬಾಗ್ ಮೇಲೆ. ಗಾಂಧಿ ಬಜಾರಿಂದ ನಡೆದು ಪಶ್ಚಿಮ ಗೇಟಿನಲ್ಲಿ ಒಳಗೆ ಹೋಗಿ, ಗಾಜಿನ ಮನೆ ಹತ್ತಿರ ಅರ್ಧ ಗಂಟೆ ಕೂತು, ಮುಖ್ಯ ಗೇಟಿನಲ್ಲಿ ಹೊರಬಿದ್ದರೆ ಎಂಟಿಆರ್ ಪಕ್ಕದಲ್ಲೇ. ದೋಸೆ ಅರಗುತ್ತೆ, ಆಟೋ ದುಡ್ಡೂ ಉಳಿಯುತ್ತೆ. ಕಾರಲ್ಲಿ ಹೋದವರಿಗೆ ಈ ದಾರಿ ಸಿಗೋದೇ ಇಲ್ಲ. ಎಂಟಿಆರ್‌ನಲ್ಲಿ ಒಂದು ರವೆ ಇಡ್ಲಿ ಮೂರು ಪಾಲು ಮಾಡಿದೆವು. ಜೊತೆಗೆ ಬಂದ ತುಪ್ಪದ ಬಟ್ಟಲನ್ನು ಮಾತ್ರ ಅಮ್ಮ ಯಾರಿಗೂ ಕೊಡಲಿಲ್ಲ.

ಅಲ್ಲಿಂದ ನ್ಯಾಷನಲ್ ಕಾಲೇಜು ಮೆಟ್ರೋಗೆ ಆಟೋ ಹಿಡಿದೆವು. ಕಾರಿಲ್ಲ ಅಂದೆನೇ ಹೊರತು ಆಟೋ ಇಲ್ಲ ಅಂದಿಲ್ಲ. ಹಿಂದೊಮ್ಮೆ ಇದೇ ದೂರಕ್ಕೆ ಒಬ್ಬರು ಇನ್ನೂರು ಕೇಳಿದ್ದರು. ಈ ಸಲ ಐವತ್ತರಲ್ಲಿ ಮುಗಿಯಿತು. ಹಿಂದೆ ಬಸ್ಸನ್ನೂ ಪ್ರಯತ್ನಿಸಿದ್ದೆ. ಶಕ್ತಿ ಯೋಜನೆಯಲ್ಲಿ ಅಮ್ಮ, ಹೆಂಡತಿ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ, ಖುಷಿಯಾಗಿತ್ತು. ಆದರೆ ಮಲ್ಲೇಶ್ವರ ಮುಟ್ಟುವಷ್ಟರಲ್ಲಿ ಒಂದೂಕಾಲು ಗಂಟೆ ಆಗಿ, ಸಿಟಿಆರ್ ಮಧ್ಯಾಹ್ನದ ವಿರಾಮಕ್ಕೆ ಮುಚ್ಚಿತ್ತು. ಮೆಟ್ರೋದಲ್ಲಾದರೆ ಸಂಪಿಗೆ ರಸ್ತೆಗೆ ನಾಲ್ಕೇ ಸ್ಟಾಪು. ಇಳಿದು ಮಾರ್ಗೋಸಾ ರಸ್ತೆ ಏಳನೇ ಕ್ರಾಸಿಗೆ ನಡೆದರೆ ಹನ್ನೊಂದೂ ಮುಕ್ಕಾಲಿಗೆ ಬೆಣ್ಣೆ ಮಸಾಲೆ ಮುಂದಿತ್ತು. ಇದನ್ನು ಪಾಲು ಮಾಡಲಿಲ್ಲ. ಆಳಿಗೊಂದು.

ಭಾವನಿಗೆ ಸಾಕ್ಷಿ ಬೇಕಲ್ಲ ಅಂತ ಒಂದು ದೋಸೆ ಸ್ಟೀಲ್ ಡಬ್ಬಿಗೆ ಕಟ್ಟಿಸಿಕೊಂಡೆ. ಜಾಲಹಳ್ಳಿಗೆ ಬರುವಷ್ಟರಲ್ಲಿ ಅದು ಒದ್ದೆ ಬಟ್ಟೆ ಆಗಿತ್ತು. ಡಬ್ಬಿ ಮುಚ್ಚಳ ಸ್ವಲ್ಪ ತೆರೆದಿಟ್ಟು ಇನ್ನೊಂದು ಸಲ ನೋಡಿದೆ. ಆಗ ಬೋಗಿಯೆಲ್ಲ ಬೆಣ್ಣೆ ವಾಸನೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದೋಸೆ ಆಗಲೂ ಮೆತ್ತಗೇ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. 2025ರಲ್ಲಿ ಮೆಟ್ರೋ ದರ ಏರಿದ ಮೇಲೆ ಅದೇನೂ ಅಗ್ಗ ಅಲ್ಲ. ಸ್ಮಾರ್ಟ್ ಕಾರ್ಡ್ ರಿಯಾಯಿತಿ ಸೇರಿಸಿದರೂ ಮೂವರಿಗೆ 400 ರೂಪಾಯಿ ಹತ್ತಿರ. ಆಟೋ ಐವತ್ತು. ತಿಂಡಿ, ಕಾಫಿ ಎಲ್ಲ ಸೇರಿ ಸಾವಿರದ ಆಸುಪಾಸು. ಭಾವನ ಕಾರಲ್ಲಿ ಎರಡೇ ಹೋಟೆಲಿಗೆ ಹೋದಾಗ ಪೆಟ್ರೋಲು, ನೋ ಪಾರ್ಕಿಂಗ್ ದಂಡ ಸೇರಿ ಇದಕ್ಕಿಂತ ಜಾಸ್ತಿ ಆಗಿತ್ತು. ಪಾರ್ಕಿಂಗ್ ಹುಡುಕುತ್ತಾ ಮೂರು ಸುತ್ತು ಹೊಡೆದದ್ದನ್ನು ಅವರು ಯಾರಿಗೂ ಹೇಳಲ್ಲ, ನಾನು ಹೇಳುತ್ತೇನೆ.

ಒಂದು ಗಂಟೆಗೆ ಮನೆಯಲ್ಲಿದ್ದೆವು. ಅಮ್ಮ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು.

ಹೋದ ವಾರ ಭಾವ ಫೋನ್ ಮಾಡಿದ್ದರು. ನನಗೆ ಹೇಳದೆ ತಾವೇ ಮೆಟ್ರೋ ಹತ್ತಿ, ನನ್ನ ದಾರಿಯಲ್ಲೇ ಹೋಗಿದ್ದಾರೆ. "ಗಾಂಧಿ ಬಜಾರಲ್ಲಿ ನಿಂತಿದೀನಿ, ಬಾಗಿಲೇ ತೆಗೆದಿಲ್ವಲ್ಲೋ" ಅಂದರು. ಕ್ಯಾಲೆಂಡರ್ ನೋಡಿದೆ. ಶುಕ್ರವಾರ.