ತೆಂಗಿನೆಣ್ಣೆ ಬಿಟ್ಟು ಕೆಡಿಸಿದ ಕಾರಿನ ಚಿಲಕ, ಡೀಸೆಲ್ ಹಾಕಿ ಸರಿಮಾಡಿದ್ದು

ಆಷಾಢದ ಮಳೆ ಹೊಡೆಯುತ್ತಿತ್ತು. ಡೈರಿಗೆ ಹಾಲು ಹಾಕಿ ಬಂದು ಕಾರು ಹತ್ತಿ ಬಾಗಿಲು ಎಳೆದುಕೊಂಡೆ. ಧಡ್ ಅಂತ ಬಡಿದು ಹಾಗೇ ವಾಪಸ್ ತೆರೆದುಕೊಂಡಿತು. ಇನ್ನೊಮ್ಮೆ ಎಳೆದೆ, ಅದೇ ಕತೆ. ಕೊನೆಗೆ ಹಾಲಿನ ಕ್ಯಾನು ಕಟ್ಟುವ ಹಗ್ಗವನ್ನು ಬಾಗಿಲ ಒಳಹಿಡಿಗೆ ಬಿಗಿದು, ಮಡಿಲ ಮೇಲಿಂದ ಹಾಯಿಸಿ, ಪಕ್ಕದ ಸೀಟಿನ ಕಾಲಿಗೆ ಕಟ್ಟಿಕೊಂಡು ಮನೆ ಮುಟ್ಟಿದೆ. ತೀರ್ಥಹಳ್ಳಿ ಕಡೆಯ ನಮ್ಮ ತಿರುವಿನ ರಸ್ತೆಯಲ್ಲಿ ಅದು ಶುದ್ಧ ಹುಚ್ಚುತನ. ನೀವು ಮಾಡಬೇಡಿ.

ಕಾರು 2009ರ ಮಾರುತಿ ಆಲ್ಟೊ, ಗಾಜನ್ನು ಕೈಯಲ್ಲೇ ತಿರುವಿ ಏರಿಸುವಂಥದ್ದು. ಗ್ಯಾರೇಜಿಗೆ ಫೋನ್ ಮಾಡಿದರೆ, "ಲಾಕ್ ಹೋಗಿದೆ ಅಕ್ಕ, ಹೊಸದೇ ಹಾಕ್ಬೇಕು" ಎಂದರು. ನೋಡದೆಯೇ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಚಿಲಕ ಹೋಗಿರಲೂ ಇಲ್ಲ. ತಪ್ಪು ನನ್ನದೇ ಇತ್ತು: ಏಪ್ರಿಲ್‌ನಲ್ಲಿ ಬಾಗಿಲು ಕಿರ್ ಅನ್ನುತ್ತದೆಂದು ಚಿಲಕದ ಬಾಯಿಗೆ ತೆಂಗಿನೆಣ್ಣೆ ಬಿಟ್ಟಿದ್ದೆ. ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ನೀರಿನಂತೆ ಒಳಗಿಳಿದದ್ದು ಕೆಮ್ಮಣ್ಣಿನ ಧೂಳು ಕುಡಿದು, ಮಳೆಗಾಲದ ಥಂಡಿಗೆ ಮೇಣದಂತೆ ಕೂತಿತ್ತು.

ರಿಪೇರಿಗೆ ಇಳಿಯುವ ಮೊದಲು ಚಿಲಕ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಬಾಗಿಲು ತೆರೆದು ಅದರ ಅಂಚು ನೋಡಿ. ಅಲ್ಲಿ ಒಂದು ಸೀಳು, ಒಳಗೆ ಕವೆಯಂಥ ಕಬ್ಬಿಣದ ತುಂಡು. ಎದುರಿಗೆ ಕಾರಿನ ಕಂಬದ ಮೇಲೆ ಗಟ್ಟಿಯಾದ ಕೊಂಡಿ. ಅದನ್ನು ಮೆಕ್ಯಾನಿಕ್‌ಗಳು ಸ್ಟ್ರೈಕರ್ ಅನ್ನುತ್ತಾರೆ. ಬಾಗಿಲು ಹಾಕಿದಾಗ ಕವೆ ಕೊಂಡಿಯನ್ನು ಕಚ್ಚಿಕೊಂಡು ತಿರುಗುತ್ತದೆ. ಅದು ಹಿಂದಕ್ಕೆ ತಿರುಗದಂತೆ ಹಿಂದಿರುವ ಒಂದು ಸಣ್ಣ ಹಲ್ಲು, ಸ್ಪ್ರಿಂಗಿನ ಬಲದಿಂದ ಬಂದು ತಡೆಯುತ್ತದೆ. ನಾವು ಹಿಡಿ ಎಳೆದಾಗ ಆಗುವುದು ಇಷ್ಟೇ: ಆ ಹಲ್ಲು ಸರಿಯುತ್ತದೆ, ಕವೆ ಬಿಡುತ್ತದೆ. ಹಲ್ಲು ಜಿಡ್ಡಿನಲ್ಲಿ ಹಿಂದೆಯೇ ಅಂಟಿಕೊಂಡರೆ ಬಾಗಿಲು ಹಿಡಿಯುವುದಿಲ್ಲ. ಮುಂದೆ ಬಂದು ಅಂಟಿಕೊಂಡರೆ ಬಾಗಿಲು ಬಿಡುವುದಿಲ್ಲ. ನನಗೆ ಎರಡೂ ಆಯಿತು, ಒಂದರ ಹಿಂದೊಂದು.

ಬಾಗಿಲು ಹಿಡಿಯದೆ ಬಡಿದು ಬರುತ್ತಿದ್ದರೆ ಮೊದಲು ಕವೆಯ ಬಾಯಿ ನೋಡಿ. ಬಾಗಿಲು ತೆರೆದಿರುವಾಗ ಅದು ಹೊರಮುಖವಾಗಿ ತೆರೆದುಕೊಂಡಿರಬೇಕು. ಮುಚ್ಚಿಕೊಂಡಿದ್ದರೆ ಯಾರೋ, ಸಾಮಾನ್ಯವಾಗಿ ಮಕ್ಕಳು, ಬೆರಳಲ್ಲಿ ಒತ್ತಿರುತ್ತಾರೆ. ಆಗ ಹೊರಹಿಡಿ ಎಳೆದು ಹಿಡಿದು ಸ್ಕ್ರೂಡ್ರೈವರಿನಿಂದ ಕವೆಯನ್ನು ಹೊರಕ್ಕೆ ತಳ್ಳಿದರೆ ಮುಗಿಯಿತು. ನನ್ನದರಲ್ಲಿ ಬಾಯಿ ತೆರೆದೇ ಇತ್ತು, ಒತ್ತಿದರೆ ತಿರುಗುತ್ತಿತ್ತು, ಆದರೆ ಟಕ್ ಎನ್ನುವ ಸದ್ದು ಇರಲಿಲ್ಲ. ಒಳ್ಳೆಯ ಚಿಲಕಕ್ಕೆ ಎರಡು ಟಕ್ ಇರುತ್ತವೆ, ಅರ್ಧ ಹಿಡಿದಾಗ ಒಂದು, ಪೂರ್ತಿ ಹಿಡಿದಾಗ ಇನ್ನೊಂದು.

ಆವತ್ತು ಮಾಡಿದ ದೊಡ್ಡ ತಪ್ಪು ಇದು. ಅಂಟಿದ್ದನ್ನು ಬಿಡಿಸುವ ಡಬ್ಲ್ಯುಡಿ 40 ಎಂಬ ಸ್ಪ್ರೇ ತಂದು ಎರಡು ಸಲ ಬುಸ್ ಬುಸ್ ಹೊಡೆದೆ. ಒಮ್ಮೆ ಟಕ್ ಅಂದಿತು. ಖುಷಿಯಿಂದ ಒಳಗೆ ಕೂತು ಬಾಗಿಲನ್ನು ಜೋರಾಗಿ ಹಾಕಿದೆ. ಹಿಡಿಯಿತು. ಆಮೇಲೆ ಬಿಡಲೇ ಇಲ್ಲ. ಮೂರು ದಿನ ಸೀರೆ ಎತ್ತಿಕೊಂಡು ಗೇರಿನ ಕೋಲು ದಾಟಿ ಎಡಬಾಗಿಲಿನಿಂದ ಇಳಿದಿದ್ದೇನೆ, ಐವತ್ತೆರಡನೇ ವಯಸ್ಸಿನಲ್ಲಿ. "ಸರ್ಕಸ್ಸಿಗೆ ಸೇರ್ಕೋ" ಎಂದರು ಅತ್ತೆ. ಆದ್ದರಿಂದ ಪರೀಕ್ಷೆಗೆ ಬಾಗಿಲು ಹಾಕಲೇಬೇಡಿ. ಬಾಗಿಲು ತೆರೆದಿಟ್ಟುಕೊಂಡೇ, ಸ್ಕ್ರೂಡ್ರೈವರಿನ ಸರಳನ್ನು ಕೊಂಡಿಯಂತೆ ಕವೆಯ ಬಾಯಿಗೆ ಒತ್ತಿ: ಎರಡು ಟಕ್. ಹೊರಹಿಡಿ ಎಳೆಯಿರಿ: ಬಿಡಬೇಕು. ಮತ್ತೆ ಒತ್ತಿ, ಒಳಹಿಡಿ ಎಳೆಯಿರಿ: ಬಿಡಬೇಕು. ಒಂದೊಂದು ಹಿಡಿಗೂ ಹತ್ತು ಸಲ ತಪ್ಪದೆ ಬಿಟ್ಟ ಮೇಲೆ ಬಾಗಿಲು ಹಾಕಿ.

ಇನ್ನು ಮುಚ್ಚಿದ ಬಾಗಿಲು ತೆರೆಯದಿದ್ದರೆ ಏನು? ಹಿಂದಿನ ಬಾಗಿಲಾದರೆ ಹೊರಗಿನಿಂದ ಎಳೆದು ನೋಡಿ. ಹೊರಗಿನಿಂದ ಬಂದು ಒಳಗಿನಿಂದ ಬರದಿದ್ದರೆ ಅದು ಚೈಲ್ಡ್ ಲಾಕ್ ಇದ್ದೀತು. ಬಾಗಿಲಂಚಿನ ಸಣ್ಣ ಗುಬುಟು ಸರಿಸಿದರೆ ಆಯಿತು. ಮುಂದಿನದಾದರೆ ಎರಡು ಹಿಡಿಗಳನ್ನೂ ಎಳೆದು ಕೈಗೆ ಏನು ತಿಳಿಯುತ್ತದೆ ನೋಡಿ. ಹಿಡಿ ಸತ್ತಂತೆ ಸಡಿಲವಾಗಿ ಬಂದರೆ ಒಳಗೆ ಹಿಡಿಯನ್ನು ಚಿಲಕಕ್ಕೆ ಜೋಡಿಸುವ ಸರಳು ಕಳಚಿದೆ. ಬಿಗಿಯಾಗಿ ನಿಂತರೆ ಚಿಲಕವೇ ಅಂಟಿದೆ. ನನ್ನದರಲ್ಲಿ ಒಳಹಿಡಿ ಬಿಗಿ, ಹೊರಹಿಡಿ ಸಡಿಲ. ಸಿಟ್ಟಿನಲ್ಲಿ ಜಗ್ಗಿ ಸರಳಿನ ಪ್ಲಾಸ್ಟಿಕ್ ಕ್ಲಿಪ್ಪನ್ನೂ ಮುರಿದಿದ್ದೆ.

ಮೊದಲು ಬಿಚ್ಚದೆಯೇ ಪ್ರಯತ್ನಿಸಿ. ಸ್ಪ್ರೇಗೆ ಬರುವ ಉದ್ದ ಕೊಳವೆಯನ್ನು ಬಾಗಿಲ ಸಂದಿಯಲ್ಲಿ, ಚಿಲಕದ ಎತ್ತರಕ್ಕೆ ತೂರಿಸಿ ಹೊಡೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಬ್ಬರು ಹೊರಗಿನಿಂದ ಚಿಲಕದ ಪಕ್ಕದಲ್ಲೇ ಸೊಂಟ ಕೊಟ್ಟು ಬಾಗಿಲನ್ನು ಒಳಕ್ಕೆ ಒತ್ತಲಿ, ಇನ್ನೊಬ್ಬರು ಅದೇ ಹೊತ್ತಿಗೆ ಒಳಹಿಡಿ ಎಳೆಯಲಿ. ಒತ್ತಿದಾಗ ಕೊಂಡಿಯ ಭಾರ ಇಳಿದು ಹಲ್ಲು ಹಗುರಾಗುತ್ತದೆ. ಬಹಳ ಸಲ ಇಷ್ಟಕ್ಕೇ ತೆರೆಯುತ್ತದೆ.

ನನ್ನದು ತೆರೆಯಲಿಲ್ಲ. ಒಳಗಿನ ಹಲಗೆ ಬಿಚ್ಚಬೇಕಾಯಿತು. ಗಾಜನ್ನು ಪೂರ್ತಿ ಮೇಲೇರಿಸಿ. ಗಾಜು ತಿರುವುವ ಹಿಡಿಯ ಹಿಂದೆ ಕುದುರೆ ಲಾಳದಂಥ ತಂತಿ ಇರುತ್ತದೆ. ಹಳೆಯ ಪಂಚೆಯ ಅಂಚನ್ನು ಹಿಡಿಯ ಹಿಂದೆ ತೂರಿಸಿ ಬೂಟು ಒರೆಸಿದಂತೆ ಅತ್ತಿತ್ತ ಎಳೆದರೆ ಅದು ಚಿಮ್ಮುತ್ತದೆ. ಎಲ್ಲಿ ಬಿತ್ತೆಂದು ಕಣ್ಣಿಟ್ಟಿರಿ, ನಾನು ಅರ್ಧ ಗಂಟೆ ಹುಡುಕಿದೆ. ಕೈ ಹಿಡಿಯುವ ಜಾಗದ ಸ್ಕ್ರೂ ಬಿಚ್ಚಿ, ಹಲಗೆಯ ಕೆಳಅಂಚಿನಿಂದ ನಿಧಾನವಾಗಿ ಎಬ್ಬಿಸಿ. ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ, ಮೂಲೆಯಿಂದ ಬಿಡಿಸಿ. ಗಾಜಿನ ಮೇಲಿನ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದು ಕಾರಿನೊಳಗೆ ಬಾರದಂತೆ ತಡೆಯುವುದು ಈ ಹಾಳೆ. ತಗಡಿನ ಅಂಚು ಕತ್ತಿಯ ಹಾಗಿರುತ್ತದೆ, ಕೈಗವಸು ಹಾಕಿಕೊಳ್ಳಿ. ಪಕ್ಕದ ಏರ್‌ಬ್ಯಾಗ್ ಇರುವ ಹೊಸ ಕಾರಾದರೆ ಈ ಕೆಲಸಕ್ಕೆ ಇಳಿಯದೆ ಗ್ಯಾರೇಜಿಗೇ ಒಯ್ಯಿರಿ.

ಟಾರ್ಚ್ ಬಿಟ್ಟು ನೋಡಿದರೆ ಹಿಡಿಗಳಿಂದ ಚಿಲಕಕ್ಕೆ ಹೋಗುವ ತೆಳು ಸರಳುಗಳು ಕಾಣುತ್ತವೆ. ಹೊರಹಿಡಿಯ ಸರಳು ಸೇರಬೇಕಾದ ಕಿವಿಯನ್ನು ಉದ್ದ ಸ್ಕ್ರೂಡ್ರೈವರಿನಿಂದ ಕೆಳಕ್ಕೆ ಒತ್ತಿದೆ. ಅಣ್ಣನ ಮಗ ಹೊರಗೆ ಬಾಗಿಲಿಗೆ ಒರಗಿದ್ದ. ಮೂರನೇ ಸಲಕ್ಕೆ ತೆರೆದು ಅವನು ಅಂಗಳದ ಪಾಚಿಯಲ್ಲಿ ಜಾರಿ ಕೂತ.

ತೊಳೆಯಲು ಚಿಲಕ ಬಿಚ್ಚುವ ಅಗತ್ಯ ಬರಲಿಲ್ಲ. (ಬಿಚ್ಚಲೇಬೇಕಾದರೆ ಬಾಗಿಲಂಚಿನ ಮೂರು ಸ್ಕ್ರೂಗಳಿಗೆ ದಪ್ಪ ತಲೆಯ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು, ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು ಆಮೇಲೆ ತಿರುಗಿಸಿ. ಸಣ್ಣದರಲ್ಲಿ ತಿರುಗಿಸಿದರೆ ತಲೆ ಸವೆದು ಬೋಳಾಗುತ್ತದೆ.) ಕೆಳಗೆ ಬಟ್ಟೆ ಹಾಸಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲ್‌ನಲ್ಲಿ ಅದ್ದಿ ಕವೆಯ ಸುತ್ತ ತಿಕ್ಕಿದೆ. ಪೆಟ್ರೋಲ್ ಬೇಡ, ಬೆಂಕಿಯ ಅಪಾಯ. ಮೊದಲು ಬಂದದ್ದು ಕಾಕಂಬಿಯಂಥ ಕಂದು ಲೋಳೆ. ಲೋಳೆ ನಿಲ್ಲುವವರೆಗೂ ತಿಕ್ಕುವುದು, ಕವೆ ಆಡಿಸುವುದು, ಒರೆಸುವುದು. ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸನ್ನು ಹತ್ತಿಕಡ್ಡಿಯಲ್ಲಿ ಕವೆಗೆ ತೆಳ್ಳಗೆ ಸವರಿ. ಸ್ಪ್ರೇ ಹೊಡೆದು ಅಷ್ಟಕ್ಕೇ ಬಿಡುವುದು ತಪ್ಪು. ಡಬ್ಲ್ಯುಡಿ 40 ಹುಟ್ಟಿದ್ದೇ ನೀರು ಓಡಿಸಲಿಕ್ಕೆ, 40 ಎಂದರೆ ನಲವತ್ತನೇ ಪ್ರಯತ್ನಕ್ಕೆ ಕೂಡಿಬಂದ ಮಿಶ್ರಣ ಎಂದು. ಅಂಟಿದ್ದನ್ನು ಬಿಡಿಸುತ್ತದೆ, ಗ್ರೀಸಿನ ಹಾಗೆ ನಿಲ್ಲುವುದಿಲ್ಲ.

ಮುರಿದ ಕ್ಲಿಪ್ಪಿನ ಜಾಗಕ್ಕೆ ಎರಡು ದಿನ ಕೇಬಲ್ ಟೈ ಬಿಗಿದಿದ್ದೆ. ಹೊಸದು ತರುವಾಗ ಹಳೆಯ ತುಂಡನ್ನು ಅಂಗಡಿಗೆ ಒಯ್ಯಿರಿ, ಸರಳಿನ ದಪ್ಪಕ್ಕೆ ತಕ್ಕಂತೆ ಬೇರೆ ಬೇರೆ ಇರುತ್ತವೆ.

ಇಷ್ಟೆಲ್ಲ ಆಗಿಯೂ ಬಾಗಿಲನ್ನು ಎತ್ತಿ ಹಾಕಿದರಷ್ಟೇ ಹಿಡಿಯುತ್ತಿದ್ದರೆ, ಕೀಲು ಸವೆದು ಬಾಗಿಲು ಜೋತಿದೆ ಅಥವಾ ಸ್ಟ್ರೈಕರ್ ಸರಿದಿದೆ. ಸ್ಟ್ರೈಕರ್ ಸಡಿಲಿಸುವ ಮೊದಲು ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ, ಆಮೇಲೆ ಕೂದಲೆಳೆಯಷ್ಟೇ ಸರಿಸಿ ನೋಡಿ.

ಹಲಗೆ ಮುಚ್ಚುವ ಮೊದಲು ಬಾಗಿಲ ತಳದ ತೂತುಗಳಿಗೆ ಹಿಡಿಕಡ್ಡಿ ಹಾಕಿ. ನಮ್ಮದರಲ್ಲಿ ಎರಡೂ ಮಣ್ಣು ಕಟ್ಟಿಕೊಂಡಿದ್ದವು. ಚುಚ್ಚಿದ್ದೇ ತಡ, ಒಂದು ಚೊಂಬಿನಷ್ಟು ಕೆಂಪು ನೀರು ಅಂಗಳಕ್ಕೆ ಸುರಿಯಿತು.