ನಗು ಬಿಡದೆ ‘ರೋಮಿಯೋ ಜೂಲಿಯಟ್’ ಆಡಿಸಿದ ಬಗೆ

‘ರೋಮಿಯೋ ಜೂಲಿಯಟ್’ ಮಾಡುತ್ತಿದ್ದೇವೆ ಅಂದಾಗ ಕಲಬುರಗಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: ಜನರನ್ನು ಚೆನ್ನಾಗಿ ಅಳಿಸುತ್ತೀರಲ್ವಾ? ಹುಡುಗ, ಹುಡುಗಿ ಸಾಯುತ್ತಾರೆ ಅನ್ನುವುದು ನಾಟಕ ಓದದವರಿಗೂ ಗೊತ್ತು. ಶೇಕ್ಸ್‌ಪಿಯರ್ ಕೂಡ ಅದನ್ನು ಮುಚ್ಚಿಟ್ಟಿಲ್ಲ. ಶುರುವಿನ 14 ಸಾಲಿನಲ್ಲೇ ಹೇಳಿಬಿಡುತ್ತಾನೆ. ಆದರೆ ಆ ಸಾಲುಗಳು ಮುಗಿದ ಕೂಡಲೇ ರಂಗಕ್ಕೆ ಬರುವವರು ಇಬ್ಬರು ಆಳುಗಳು. ಅವರ ಬಾಯಲ್ಲಿ ಬರೀ ಬಡಾಯಿ, ಪೋಲಿ ಮಾತು. ಅಲ್ಲಿಂದ ಎರಡನೇ ಅಂಕ ಮುಗಿಯುವವರೆಗೆ ಇದು ಹೆಚ್ಚುಕಮ್ಮಿ ಹಾಸ್ಯ ನಾಟಕವೇ.

ನಮ್ಮ ಕಡೆ ಹಾಸ್ಯಕ್ಕೆ ಬೇರೆಯದೇ ಒಂದು ಜಾಗ ಇದೆ. ಜಾತ್ರೆಗೆ ಕ್ಯಾಂಪ್ ಹಾಕುವ ಕಂಪನಿ ನಾಟಕ ನೋಡಿ ಬೆಳೆದವರು ನಾವು. ಅಲ್ಲಿ ಗೋಳಿನ ದೃಶ್ಯ ಮುಗಿದರೆ ಬೀದಿಯ ಪರದೆ ಇಳಿಯುತ್ತದೆ. ಅದರ ಮುಂದೆ ಹಾಸ್ಯದ ಜೋಡಿ ಬಂದು ನಗಿಸುತ್ತದೆ, ಹಿಂದೆ ಸೀನು ಬದಲಾಗುತ್ತದೆ. ಅದು ದೊಡ್ಡ ಕಲೆ, ನನಗೆ ಬಹಳ ಇಷ್ಟ. ನಮ್ಮ ಹುಡುಗರು ಈ ನಾಟಕದ ದಾದಿ ಮತ್ತು ಅವಳ ಆಳು ಪೀಟರ್‌ನನ್ನು ಅಂಥದೇ ಜೋಡಿ ಅಂದುಕೊಂಡಿದ್ದರು. ಹಾಗಲ್ಲ. ಪ್ರೇಮಿಗಳ ಸುದ್ದಿ ಓಡಾಡುವುದೇ ದಾದಿಯ ಕೈಯಲ್ಲಿ. ಅವಳನ್ನು ಪರದೆಯ ಮುಂದಕ್ಕೆ ತಂದು ನಿಲ್ಲಿಸಿದರೆ ಹಿಂದೆ ಕತೆಯೇ ನಿಂತುಹೋಗುತ್ತದೆ. ಅದಕ್ಕೇ ತಾಲೀಮಿನಲ್ಲಿ ಒಂದು ಮಾತು ಹೇಳಿದೆ: ಮೂರನೇ ಅಂಕದಿಂದ ಯಾರೂ ನಟನೆಯ ಧಾಟಿ ಬದಲಿಸಬಾರದು. ನಗಿಸಿದವರು ಹಾಗೇ ನಗಿಸುತ್ತಾ ಇರಲಿ. ಬದಲಾಗುವುದು ಅವರು ತರುವ ಸುದ್ದಿ.

ಇದು ದಾದಿಯ ಎರಡು ದೃಶ್ಯಗಳಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಎರಡನೇ ಅಂಕದಲ್ಲಿ ಮದುವೆ ನಿಕ್ಕಿಯಾದ ಸುದ್ದಿ ಹೊತ್ತು ಬರುತ್ತಾಳೆ. ಬಂದವಳು ಸುದ್ದಿ ಹೇಳುವುದಿಲ್ಲ. ಸೊಂಟ ನೋವು, ತಲೆನೋವು, ಉಸಿರು ಹತ್ತುತ್ತಿಲ್ಲ, ಊಟ ಆಯ್ತಾ ಅಂತ ಹುಡುಗಿಯನ್ನು ಕಾಡಿಸುತ್ತಾಳೆ. ನಾವು ದಾದಿಗೆ, ಆಳುಗಳಿಗೆ ಕಲಬುರಗಿ ಮಾತನ್ನೇ ಕೊಟ್ಟಿದ್ದೆವು. ಜೂಲಿಯಟ್ ಕೂಡ ಅವಳ ಜೊತೆ ಇದ್ದಾಗ ಹಾಗೇ ಮಾತಾಡುತ್ತಾಳೆ. “ದಮ್ಮಿಲ್ಲ ಅಂತ ಹೇಳ್ಲಕ ದಮ್ಮದ, ಸುದ್ದಿ ಹೇಳ್ಲಕ ಇಲ್ಲೇನು?” ಅಂದಾಗ ಸಭೆ ಗೊಳ್ಳೆಂದು ನಗುತ್ತದೆ.

ಮುಂದಿನ ಅಂಕದಲ್ಲಿ ಅದೇ ದಾದಿ, ಅದೇ ಹುಡುಗಿ. ರೋಮಿಯೋ ಕೈಯಲ್ಲಿ ಹುಡುಗಿಯ ಸೋದರಮಾವನ ಮಗ ಟಿಬಾಲ್ಟ್ ಸತ್ತಿದ್ದಾನೆ. ನೋಡುವವರಿಗೆ ಅದು ಗೊತ್ತು, ಜೂಲಿಯಟ್‌ಗೆ ಗೊತ್ತಿಲ್ಲ. ದಾದಿ “ಸತ್ತ, ಸತ್ತ, ಅಂವ ಸತ್ತ!” ಅನ್ನುತ್ತಾಳೆ. ಯಾರು ಅಂತ ಹೇಳುವುದಿಲ್ಲ. ಹುಡುಗಿ ತನ್ನ ಗಂಡನೇ ಸತ್ತ ಅಂದುಕೊಳ್ಳುತ್ತಾಳೆ. ತಡ ಮಾಡುವ ಆಟ ಒಂದೇ, ಅಲ್ಲಿ ನಗಿಸಿತು, ಇಲ್ಲಿ ಕೊಲ್ಲುತ್ತದೆ. ಹಾಗಾಗಿ ಎರಡೂ ದೃಶ್ಯಗಳ ಚಲನೆಯನ್ನು ಒಂದೇ ಇಟ್ಟೆ. ಅದೇ ಬಲಗಡೆಯ ವಿಂಗ್‌ನಿಂದ ಪ್ರವೇಶ, ಅದೇ ಸ್ಟೂಲು, ಕೂರುವ ಮೊದಲು ಸೊಂಟಕ್ಕೆ ಅದೇ ಕೈ.

ದಾದಿ ಮಾಡಿದವರು ಕಂಪನಿ ನಾಟಕದಲ್ಲಿ ಪಳಗಿದ ಹಿರಿಯ ಕಲಾವಿದೆ. ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. “ಸತ್ತ ಸುದ್ದಿ ತಂದಾಗನೂ ಸೊಂಟ ಹಿಡ್ಕೋಬೇಕೇನ್ರೀ?” ಅಂದರು. “ಹಿಡ್ಕೋರಿ ಅಕ್ಕಾರ, ವಯಸ್ಸಾದವಳಿಗಿ ಸುದ್ದಿ ಯಾವ್ದಾದ್ರೇನು, ಸೊಂಟ ನೋಯ್ತದ” ಅಂದೆ. ಮೂಲದಲ್ಲೂ ದಾದಿ ಆ ಗೋಳಿನ ನಡುವೆಯೇ ಕುಡಿಯಲು ಸಾರಾಯಿ ಕೇಳುತ್ತಾಳೆ. ಆ ಸಾಲನ್ನು ತೋರಿಸಿದ ಮೇಲೆ ಅಕ್ಕ ಅದನ್ನು ಎಷ್ಟು ಚಂದ ಮಾಡಿದರೆಂದರೆ, ನಗಲು ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ಜೂಲಿಯಟ್‌ನ ಅಪ್ಪ ಕ್ಯಾಪುಲೆಟ್‌ನದೂ ಇದೇ ಲೆಕ್ಕ. ಮೊದಲ ಜಗಳಕ್ಕೆ ಮುದುಕ ಓಡಿಬಂದು ಕತ್ತಿ ಕೊಡಿ ಅಂತ ಕೂಗುತ್ತಾನೆ. ಹೆಂಡತಿ, ಕತ್ತಿ ಯಾಕೆ, ಊರುಗೋಲು ತಗೊಳ್ಳಿ ಅನ್ನುತ್ತಾಳೆ. ಹಬ್ಬದ ರಾತ್ರಿ ಹೆಂಗಸರನ್ನು ಕುಣಿಯಲು ಎಬ್ಬಿಸಲು ಕಾಲಿನ ಆಣಿಯ ತಮಾಷೆ ಮಾಡುತ್ತಾನೆ. ಎಲ್ಲರಿಗೂ ಅಪ್ಪಣೆ, ಎಲ್ಲದಕ್ಕೂ ಗಡಿಬಿಡಿ. ತಾನು ಗೊತ್ತು ಮಾಡಿದ ಗಂಡು ಪ್ಯಾರಿಸ್‌ನನ್ನು ಮಗಳು ಮದುವೆಯಾಗಲ್ಲ ಅಂದಾಗ ಬರುವ ಸಿಟ್ಟು ಈ ಗಡಿಬಿಡಿಯೇ. ದನಿ ಹೊಸದಲ್ಲ. ಪಾತ್ರಧಾರಿಗೆ ಖಳನಾಯಕನ ಮುಖ ಬೇಡ ಅಂದೆ. ಹದಿನಾಲ್ಕೂ ತುಂಬದ ಹುಡುಗಿಗೆ ಆ ಮಾತು ಸಾಕು.

ರೋಮಿಯೋ ಮನೆಗೂ ಜೂಲಿಯಟ್ ಮನೆಗೂ ಹಳೆಯ ಹಗೆ. ಆ ಎರಡು ಮನೆಗಳನ್ನು ನಮ್ಮೂರಿನ ಎರಡು ಕಡೆಯವರನ್ನಾಗಿ ಮಾಡಿ ಅಂತ ಸಲಹೆ ಬಂತು. ಬೇಡ ಅಂದೆ. ನಾಟಕದ ಊರು ವೆರೋನಾ, ವೆರೋನಾ ಆಗಿಯೇ ಉಳಿಯಿತು. ಶೇಕ್ಸ್‌ಪಿಯರ್ ಈ ಹಗೆಗೆ ಕಾರಣವನ್ನೇ ಕೊಟ್ಟಿಲ್ಲ. ಕಾರಣ ಇಲ್ಲದ್ದಕ್ಕೇ ಮೊದಲ ಜಗಳ ನಗು ತರಿಸುತ್ತದೆ. ನಾವು ಕಾರಣ ತುರುಕಿದರೆ ಆ ನಗು ಹೋಗುತ್ತದೆ, ಅದರ ಹಿಂದೆಯೇ ಕೊನೆಯ ದುಃಖವೂ.

ರೋಮಿಯೋನ ಗೆಳೆಯ ಮರ್ಕ್ಯೂಶಿಯೋ ಸಾಯುವ ದೃಶ್ಯಕ್ಕೆ ಮಾತ್ರ ನಮ್ಮೂರು ತಾನಾಗೇ ಒಳಗೆ ಬಂತು. ಇನ್ನೊಬ್ಬ ಗೆಳೆಯ ಬೆನ್ವೋಲಿಯೋ ಹೇಳುತ್ತಾನೆ: ಬಿಸಿಲು ಜಾಸ್ತಿ, ಮನೆಗೆ ಹೋಗೋಣ, ಇಂಥ ಬಿಸಿಲಲ್ಲಿ ರಕ್ತಕ್ಕೆ ಹುಚ್ಚು ಹಿಡಿಯುತ್ತದೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಸೂಪರ್ ಮಾರ್ಕೆಟ್‌ನಲ್ಲಿ ಗಾಡಿಗೆ ಗಾಡಿ ತಾಗಿದರೆ ಏನಾಗುತ್ತದೆ ಅಂತ ನೆನಪಿಸಿಕೊಳ್ಳಿ ಅಂದೆ. ಹುಡುಗರು ಹೆಗಲಿಗೆ ಟವೆಲ್ ಹಾಕಿ, ಕಾಲು ಚಾಚಿ, ಮಾತು ಎಳೆಯುತ್ತಾ ದೃಶ್ಯ ಶುರು ಮಾಡಿದರು. ಜಗಳ ಬಿಡಿಸಲು ರೋಮಿಯೋ ನಡುವೆ ಬರುತ್ತಾನೆ. ಅವನ ತೋಳಿನ ಕೆಳಗಿಂದ ಟಿಬಾಲ್ಟ್‌ನ ಕತ್ತಿ ಇರಿಯುತ್ತದೆ. ಮರ್ಕ್ಯೂಶಿಯೋ ಮೊದಲು ಶಾಪ ಹಾಕುತ್ತಾನೆ. ಗೆಳೆಯರು ಕೇಳಿದರೆ ಒಂದು ಗೀರು ಅಷ್ಟೇ ಅನ್ನುತ್ತಾನೆ. ಬಾವಿಯಷ್ಟು ಆಳ ಇಲ್ಲ, ಚರ್ಚಿನ ಬಾಗಿಲಿನಷ್ಟು ಅಗಲ ಇಲ್ಲ, ಆದರೂ ಸಾಕು ಅನ್ನುತ್ತಾನೆ. ರೋಮಿಯೋ ಕೂಡ ದೊಡ್ಡ ಗಾಯ ಇರಲಾರದು ಅಂತಾನೆ. ನಾವು ಕೆಂಪು ಬಣ್ಣ ಬಳಸಲಿಲ್ಲ. ಟವೆಲ್ ಗಾಯಕ್ಕೆ ಒತ್ತಿ ಹಿಡಿದು ಅವನು ಜೋಕು ಹೊಡೆಯುತ್ತಾನೆ, ಗೆಳೆಯರು ನಗುತ್ತಾರೆ. ನಗು ಯಾವ ಮಾತಿಗೆ ನಿಲ್ಲಬೇಕು ಅಂತ ನಾನು ಗುರುತು ಹಾಕಲಿಲ್ಲ. ಅದನ್ನು ಸಭೆಗೆ ಬಿಟ್ಟೆ.

ವೇಗದ ಬಗ್ಗೆಯೂ ಹೇಳಬೇಕು. ಶೇಕ್ಸ್‌ಪಿಯರ್ ಕತೆ ತೆಗೆದುಕೊಂಡದ್ದು ಆರ್ಥರ್ ಬ್ರೂಕ್‌ನ 1562ರ ಕಾವ್ಯದಿಂದ. ಅಲ್ಲಿ ತಿಂಗಳುಗಟ್ಟಲೆ ನಡೆಯುವುದು ಇಲ್ಲಿ ಭಾನುವಾರದಿಂದ ಗುರುವಾರದ ಬೆಳಗಿಗೆ ಮುಗಿಯುತ್ತದೆ. ಇದು ಹಾಸ್ಯ ನಾಟಕದ ಓಟ. ಶೋಕ ಬಂತು ಅಂತ ಲೈಟು ಮಂಕು ಮಾಡಿ ಮಾತು ಎಳೆದರೆ ಕೆಟ್ಟುಹೋಗುತ್ತದೆ.

ಹೆಚ್ಚಿನವರು ಕತ್ತರಿಸುವುದು ನಾಲ್ಕನೇ ಅಂಕದ ವಾದ್ಯದವರ ದೃಶ್ಯ. ಸತ್ತಂತೆ ಮಲಗಿಸುವ ಮದ್ದು ಕುಡಿದ ಜೂಲಿಯಟ್ ನಿಜಕ್ಕೂ ಸತ್ತಳೆಂದು ಮನೆಯವರು ಗೋಳಾಡಿ ಹೋದ ಮೇಲೆ, ಮದುವೆಗೆ ಬಂದ ವಾದ್ಯದವರು ಉಳಿಯುತ್ತಾರೆ. ಪೀಟರ್ ಬಂದು ಅವರ ಜೊತೆ ಕೀಟಲೆ ಮಾಡುತ್ತಾನೆ. 1599ರ ಮುದ್ರಣದಲ್ಲಿ ಇಲ್ಲಿ ಪಾತ್ರದ ಹೆಸರಿನ ಬದಲು ಆ ಕಾಲದ ದೊಡ್ಡ ಹಾಸ್ಯನಟ ವಿಲ್ ಕೆಂಪ್‌ನ ಹೆಸರೇ ಅಚ್ಚಾಗಿದೆ. ಅಂದರೆ ಇದನ್ನು ನಗಿಸಲೆಂದೇ ಬರೆದದ್ದು. ನಮ್ಮ ವಾದ್ಯದವರಿಗೆ ಹಲಗಿ ಕೊಟ್ಟೆ. ನಮ್ಮಲ್ಲಿ ಮೆರವಣಿಗೆಗೂ ಹಲಗಿ, ಹೆಣದ ಮುಂದೆಯೂ ಹಲಗಿ. ಕೊನೆಗೆ ಅವರು, ದುಃಖಕ್ಕೆ ಬಂದವರ ಜೊತೆ ಊಟ ಮಾಡಿಕೊಂಡೇ ಹೋಗೋಣ ಅನ್ನುತ್ತಾರೆ. ಈ ಸಾಲಿಗೆ ಜನ ನಕ್ಕರು. ಸಾವಿನ ಮನೆಯಲ್ಲೂ ಯಾರಿಗೋ ಹಸಿವಾಗುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ.

ಪೀಟರ್ ಮಾಡಿದ ಹುಡುಗನಿಗೇ ರೋಮಿಯೋನ ಆಳು ಬಾಲ್ತಜಾರ್‌ನ ಪಾತ್ರವನ್ನೂ ಕೊಟ್ಟೆ. ಐದನೇ ಅಂಕದಲ್ಲಿ ರೋಮಿಯೋ ಒಳ್ಳೆಯ ಕನಸು ಕಂಡು ಖುಷಿಯಲ್ಲಿದ್ದಾನೆ. ಆಗ ಇವನು ಬರುತ್ತಾನೆ. ಮುಖ ಗುರುತು ಸಿಕ್ಕಿ ಜನ ನಗಲು ಶುರು ಮಾಡುತ್ತಾರೆ. ಅವನು ಜೂಲಿಯಟ್ ಸತ್ತ ಸುದ್ದಿ ಹೇಳುತ್ತಾನೆ.

ಕೆಲವರು ಇಷ್ಟೆಲ್ಲಾ ನಗಿಸಿ ಕೊನೆಗೆ ಸಾಯಿಸಬೇಕಾ ಅಂದರು. ಈ ಆಸೆ ಹೊಸದಲ್ಲ. 1660ರ ದಶಕದ ಲಂಡನ್ನಿನಲ್ಲಿ ಜೇಮ್ಸ್ ಹೋವರ್ಡ್ ಅನ್ನುವವನು ಪ್ರೇಮಿಗಳು ಬದುಕುವ ಹಾಗೆ ತಿದ್ದಿದ್ದ. ಒಂದು ದಿನ ಸಾಯುವ ಆಟ, ಇನ್ನೊಂದು ದಿನ ಬದುಕುವ ಆಟ. ನನಗೆ ಒಂದೇ ರಾತ್ರಿಯಲ್ಲಿ ಎರಡೂ ಬೇಕಿತ್ತು.

ಗೋರಿಯ ದೃಶ್ಯದಲ್ಲಿ, ಪ್ರೇಮಿಗಳ ಗುಟ್ಟಿನ ಮದುವೆ ನಡೆಸಿಕೊಟ್ಟ ಪಾದ್ರಿ, ಚುಟುಕಾಗಿ ಹೇಳುತ್ತೇನೆ ಅಂತ ಶುರು ಮಾಡಿ 40 ಸಾಲು ಮಾತಾಡುತ್ತಾನೆ. ಹತ್ತಕ್ಕೆ ಇಳಿಸಿದೆ, ಪೂರ್ತಿ ತೆಗೆಯಲಿಲ್ಲ. ನಡೆದದ್ದು ನಮಗೆ ಗೊತ್ತಿದ್ದರೂ ಎರಡೂ ಮನೆಯ ದೊಡ್ಡವರಿಗೆ ಅಲ್ಲಿವರೆಗೆ ಏನೂ ಗೊತ್ತಿಲ್ಲ. ಮೂಲದಲ್ಲಿ ದಾದಿ ಅಲ್ಲಿಗೆ ಬರುವುದಿಲ್ಲ. ನಾನು ಕರೆಸಿದೆ. ಇದಕ್ಕೆ ತಕರಾರು ತೆಗೆದವರಿದ್ದಾರೆ. ಹಾಲು ಕುಡಿಸಿ ಸಾಕಿದವಳು ಅವಳು, ಓಡಾಡಿ ಮದುವೆ ಮಾಡಿಸಿದವಳೂ ಅವಳೇ. ಆ ಲೆಕ್ಕ ಒಪ್ಪಿಸುವಾಗ ಅವಳು ಅಲ್ಲಿರಬೇಕು. ನಾಟಕ ಆಡಲು ಬೀದರಿಗೆ ಹೋದಾಗಲೂ ಇದನ್ನು ಬದಲಿಸುವುದಿಲ್ಲ.